ಸೊಗಡಿನ ಅವರೆಗೆ ಚಳಿಗಾಲವೇ ಏಕೆ ಬೇಕು?

ಧನುರ್ಮಾಸ ಕಾಲಿಡುತ್ತಿದ್ದಂತೆ ಹಳೇ ಮೈಸೂರು ಸೀಮೆಯ ಪೇಟೆಗಳಿಗೆ ಒಂದು ವಾಸನೆ ಬರುತ್ತದೆ. ಬಸ್ ನಿಲ್ದಾಣದ ಪಕ್ಕದಲ್ಲಿ, ದೇವಸ್ಥಾನದ ಮುಂದಿನ ಕಟ್ಟೆಯ ಮೇಲೆ, ತಳ್ಳುಗಾಡಿಯಲ್ಲಿ, ಗೋಣಿತಾಟಿನ ಮೇಲೆ ಅವರೆಕಾಯಿಯ ರಾಶಿ ಬೀಳುತ್ತದೆ. ಕಣ್ಣಿಗೆ ಕಾಣುವ ಮೊದಲೇ ಮೂಗಿಗೆ ತಿಳಿಯುವ ತರಕಾರಿ ಇದೊಂದೇ ಇರಬೇಕು. ಆ ವಾಸನೆಗೆ ನಮ್ಮ ಜನ ಇಟ್ಟ ಹೆಸರು ಸೊಗಡು. ಕಾಯಿ ಕೊಳ್ಳುವವರು ಬೆಲೆ ಕೇಳುವುದಕ್ಕೆ ಮುಂಚೆ ಒಂದು ಹಿಡಿ ಎತ್ತಿ ಮೂಸಿ ನೋಡುತ್ತಾರೆ. ಮಾರುವವರೂ ಅದಕ್ಕೆ ಬೇಸರಿಸುವುದಿಲ್ಲ.

ಕಳೆದ ಜೂನ್ ತಿಂಗಳಲ್ಲಿ ನಮ್ಮ ಮನೆಗೆ ಊರಿನಿಂದ ಹಿರಿಯ ನೆಂಟರೊಬ್ಬರು ಬಂದಿದ್ದರು. ಅವರಿಗೆ ಅವರೆಕಾಳು ಸಾರೆಂದರೆ ಪ್ರಾಣ ಎಂಬುದು ತಿಳಿದಿದ್ದರಿಂದ ಸೊಸೆ ಪೇಟೆಯೆಲ್ಲ ಅಲೆದು ಒಂದು ಕಿಲೋ ಕಾಯಿ ತಂದು, ಅತ್ತೆಯಿಂದ ಕಲಿತ ಅಳತೆಯಲ್ಲಿಯೇ ಸಾರು ಮಾಡಿದಳು. ಅವರು ಮುದ್ದೆಯನ್ನು ಅದ್ದಿ ಎರಡು ತುತ್ತು ನುಂಗಿ, "ಸಾರೇನೋ ಚೆನ್ನಾಗಿದೆ ಕಣಮ್ಮ, ಅವರೆಕಾಳು ಹಾಕಿದ್ದು ಮರೆತೆಯಾ?" ಎಂದರು. ತಟ್ಟೆಯಲ್ಲಿ ಕಾಳು ಎದ್ದು ಕಾಣುತ್ತಿತ್ತು. ಸೊಸೆ ಆ ದಿನವೆಲ್ಲ ಮಂಕಾಗಿದ್ದಳು. ಮನೆಯ ಉಳಿದವರು ಕೈಗುಣ, ಹದ, ಮಸಾಲೆ ಎಂದು ತಲೆಗೊಂದು ಮಾತನಾಡಿದರು. ತಪ್ಪು ಅವಳ ಕೈಯದಾಗಿರಲಿಲ್ಲ, ತಿಂಗಳಿನದಾಗಿತ್ತು. ಅದು ಹೇಗೆಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಇರುಳನ್ನು ಅಳೆಯುವ ಬಳ್ಳಿ

ಅವರೆ ದ್ವಿದಳ ಧಾನ್ಯದ ಜಾತಿಗೆ ಸೇರಿದ್ದು. ನಾಡಿನ ಹಳೆಯ ತಳಿಗಳೆಲ್ಲ ಹಗಲು–ಇರುಳುಗಳ ಉದ್ದವನ್ನು ಅರಿತು ನಡೆಯುವಂಥವು. ಮುಂಗಾರಿನಲ್ಲಿ ಬಿತ್ತಿದರೂ ಗಿಡ ಹಂಬು ಬಿಟ್ಟು ಬೆಳೆಯುತ್ತಲೇ ಇರುತ್ತದೆಯೇ ಹೊರತು ಹೂವಿನ ಸುದ್ದಿ ಎತ್ತುವುದಿಲ್ಲ. ಬೆಂಗಳೂರಿನಲ್ಲಿ ಜೂನ್ ಮೂರನೆಯ ವಾರದ ಹಗಲು ಸುಮಾರು 12 ಗಂಟೆ 54 ನಿಮಿಷ. ಡಿಸೆಂಬರ್ ಮೂರನೆಯ ವಾರದ ಹಗಲು ಸುಮಾರು 11 ಗಂಟೆ 23 ನಿಮಿಷ. ನಮಗೆ ಗಮನಕ್ಕೇ ಬಾರದ ಈ ಒಂದೂವರೆ ಗಂಟೆಯ ವ್ಯತ್ಯಾಸ ಗಿಡಕ್ಕೆ ಪಂಚಾಂಗವಿದ್ದಂತೆ. ನಿಜವಾಗಿ ಗಿಡ ಅಳೆಯುವುದು ಹಗಲನ್ನಲ್ಲ, ಇರುಳನ್ನು. ಕತ್ತಲೆಯ ಅವಧಿ ತನಗೆ ಬೇಕಾದಷ್ಟು ದೀರ್ಘವಾದ ಮೇಲೆಯೇ ಎಲೆಗಳಿಂದ ತುದಿಗಳಿಗೆ ಹೂಬಿಡುವ ಸೂಚನೆ ಹೋಗುತ್ತದೆ. ಹೀಗಾಗಿ ಜೂನ್‌ನಲ್ಲಿ ಬಿತ್ತಿದ್ದೂ ಆಗಸ್ಟ್‌ನಲ್ಲಿ ಬಿತ್ತಿದ್ದೂ ಹೆಚ್ಚು ಕಡಿಮೆ ಒಂದೇ ಕಾಲಕ್ಕೆ ಹೂವಾಗಿ, ಡಿಸೆಂಬರ್‌ನಿಂದ ಫೆಬ್ರುವರಿಯವರೆಗೆ ಕಾಯಿ ಕೊಡುತ್ತವೆ.

ಹಾಗಾದರೆ ಜೂನ್‌ನಲ್ಲಿ ಸಿಕ್ಕ ಕಾಯಿ ಎಲ್ಲಿಯದು? ಅದಕ್ಕೂ ಉತ್ತರವಿದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಹಗಲಿನ ಉದ್ದಕ್ಕೆ ಕಟ್ಟುಬೀಳದ ತಳಿಗಳನ್ನು ರೂಪಿಸಿದರು. ಹೆಬ್ಬಾಳ ಅವರೆ–3 ಮತ್ತು ಹೆಬ್ಬಾಳ ಅವರೆ–4 ಇವುಗಳಲ್ಲಿ ಹೆಸರಾದವು. ಹಂಬು ಹರಿಯದೆ ಗಿಡ್ಡಗೆ ಪೊದೆಯಾಗಿ ನಿಂತು, ಯಾವ ತಿಂಗಳಲ್ಲಿ ಬಿತ್ತಿದರೂ ಬೇಗನೆ ಹೂವಾಗಿ ಕಾಯಿ ಬಿಡುವುದು ಇವುಗಳ ಗುಣ. ನೀರಿನ ಅನುಕೂಲವುಳ್ಳ ರೈತರಿಗೆ ಇದರಿಂದ ಬೇಸಿಗೆಯಲ್ಲೂ ನಾಲ್ಕು ಕಾಸು ಕಂಡಿದೆ. ಇದನ್ನು ಹಳಿಯುವುದು ನ್ಯಾಯವಲ್ಲ. ಆದರೆ ಅಡುಗೆಮನೆಯಲ್ಲಿ ಎಲ್ಲ ತಿಂಗಳ ಅವರೆಯೂ ಒಂದೇ ಎಂದು ಎಣಿಸಿದರೆ ನಮ್ಮ ಸೊಸೆಗಾದ ಗತಿಯೇ ಆಗುತ್ತದೆ.

ಸೊಗಡು ಇರುವುದೆಲ್ಲಿ?

ಬಹಳ ಮಂದಿ ಸೊಗಡು ಕಾಳಿನೊಳಗಿದೆ ಎಂದು ತಿಳಿದಿದ್ದಾರೆ. ಅದು ಇರುವುದು ಮುಖ್ಯವಾಗಿ ಸಿಪ್ಪೆಯ ಮೇಲೆ. ಒಳ್ಳೆಯ ನಾಡ ಅವರೆಕಾಯಿಯನ್ನು ಹಿಡಿದರೆ ಬೆರಳಿಗೆ ಜಿಗುಟು ಅಂಟುತ್ತದೆ. ಕಾಯಿಯ ಹೊರಮೈ ಒಸರಿಸುವ ಈ ಎಣ್ಣೆಯಂಥ ಪಸೆಯಲ್ಲಿ ಕೆಲವು ಮೇದಾಮ್ಲಗಳಿದ್ದು, ಅವರೆಯ ವಿಶಿಷ್ಟ ವಾಸನೆಗೆ ಅವೇ ಕಾರಣವೆಂದು ರಸಾಯನಶಾಸ್ತ್ರಜ್ಞರು ಗುರುತಿಸಿದ್ದಾರೆ. ಕಾಯಿ ಸುಲಿದವರ ಕೈಯನ್ನು ಸೋಪು ಹಚ್ಚಿ ತೊಳೆದರೂ ಮಾರನೆಯ ದಿನದವರೆಗೆ ಸೊಗಡು ಬಿಡುವುದಿಲ್ಲ. ಎಣ್ಣೆಯ ಗುಣವೇ ಅದು. ಇಬ್ಬನಿ ಬಿದ್ದಷ್ಟೂ ಸೊಗಡು ಏರುತ್ತದೆ ಎಂಬುದು ರೈತರ ದೃಢವಾದ ನಂಬಿಕೆ. ಮೂಸಿ ನೋಡಿ ಕೊಳ್ಳುವವರ ಅನುಭವವೂ ಅದನ್ನೇ ಹೇಳುತ್ತದೆ: ಚಳಿಯ ಬೆಳಗಿನಲ್ಲಿ ಕೊಯ್ದ ಕಾಯಿಗೂ ಸುಡುಬಿಸಿಲಿನ ತಿಂಗಳ ಕಾಯಿಗೂ ಅಜಗಜಾಂತರ.

ಸಿಪ್ಪೆಯಲ್ಲಿರುವ ಈ ವಾಸನೆ ಸಾರಿಗೆ ಇಳಿಯುವುದು ಹೇಗೆ? ಸಿಪ್ಪೆಯಿಂದ ಬೆರಳಿಗೆ, ಬೆರಳಿನಿಂದ ಕಾಳಿಗೆ. ಇಷ್ಟು ತಿಳಿದರೆ ಮನೆಯ ಹಿರಿಯರು ಕಾರಣ ಹೇಳದೆ ಪಾಲಿಸುತ್ತಿದ್ದ ಅನೇಕ ಕಟ್ಟುಪಾಡುಗಳು ಅರ್ಥವಾಗುತ್ತವೆ. ಕಾಯಿಯನ್ನು ಅವತ್ತೇ ತಂದು ಅವತ್ತೇ ಸುಲಿಯಬೇಕು ಎನ್ನುತ್ತಿದ್ದರು. ಸುಲಿದ ಕಾಳನ್ನು ಮೂರು ಮೂರು ನೀರಿನಲ್ಲಿ ಉಜ್ಜಿ ತೊಳೆದರೆ ಅಜ್ಜಿ ಗದರುತ್ತಿದ್ದರು. ತೊಳೆಯಬೇಕಾದದ್ದು ಕಾಯಿಯನ್ನೂ ಅಲ್ಲ. ಮಣ್ಣಿದ್ದರೆ ಬಟ್ಟೆಯಿಂದ ಒರೆಸಿ ಸುಲಿಯುವುದು, ಕಾಳನ್ನು ಒಂದೇ ನೀರಿನಲ್ಲಿ ಜಾಲಿಸುವುದು ರೂಢಿ. ಪೇಟೆಯಲ್ಲಿ ಸುಲಿದು ನೀರಿನಲ್ಲಿ ನೆನೆಹಾಕಿ ಮಾರುವ ಕಾಳಿನಲ್ಲಿ ಸೊಗಡು ಏಕೆ ಕಡಿಮೆ ಎಂಬುದಕ್ಕೂ ಇದೇ ಉತ್ತರ. ಹೊತ್ತಿಲ್ಲದವರು ಅದನ್ನೇ ಕೊಳ್ಳಬೇಕಾಗುತ್ತದೆ, ಆಕ್ಷೇಪಣೆಯಿಲ್ಲ. ಹಾಗೆ ಕೊಂಡಾಗ ನೀರಿನಲ್ಲಿ ಮುಳುಗಿಸಿಟ್ಟ ಕಾಳಿಗಿಂತ ಕಣ್ಣೆದುರಿಗೆ ಸುಲಿದು ಕೊಡುವವರ ಕಾಳು ಮೇಲು.

ಸಂಕ್ರಾಂತಿಯ ದಿನ ನಮ್ಮ ಕಡೆ ಗೆಣಸು, ಕಡಲೆಕಾಯಿಗಳ ಜೊತೆಗೆ ಅವರೆಕಾಯಿಯನ್ನು ಸಿಪ್ಪೆಸಹಿತ ಉಪ್ಪುನೀರಿನಲ್ಲಿ ಬೇಯಿಸುವ ಪದ್ಧತಿಯುಂಟು. ಬೆಂದ ಕಾಯಿಯನ್ನು ಬಾಯಿಗಿಟ್ಟು ಹಲ್ಲಿನಿಂದ ಎಳೆದು ಕಾಳು ತಿಂದು ಸಿಪ್ಪೆ ಎಸೆಯುತ್ತಾರೆ. ಸೊಗಡು ಎಂದರೇನೆಂದು ಮಕ್ಕಳಿಗೆ ತಿಳಿಸಬೇಕಾದರೆ ಇದಕ್ಕಿಂತ ನೇರವಾದ ಪಾಠ ಬೇರೆ ಇಲ್ಲ. ಸಿಪ್ಪೆಯ ಪಸೆಯೆಲ್ಲ ಆ ಉಪ್ಪುನೀರಿಗೆ ಇಳಿದು ಕಾಳಿಗೆ ಏರಿರುತ್ತದೆ.

ಕಾಯಿ ಆರಿಸುವ ಬಗ್ಗೆ ಎರಡು ಮಾತು. ಕೈಗೆ ಅಂಟುವ, ಕಾಳು ಉಬ್ಬಿ ಕಾಣುವ, ಹಸಿರು ಮಾಸದ ಕಾಯಿ ಒಳ್ಳೆಯದು. ಚಪ್ಪಟೆಯಾಗಿದ್ದರೆ ಎಳಸು; ಸಿಪ್ಪೆ ಹಳದಿಯಾಗಿ ಸುಕ್ಕುಗಟ್ಟಿದ್ದರೆ ಬಲಿತು ಹಳತಾದದ್ದು. ಒಂದು ಕಿಲೋ ಕಾಯಿಗೆ ಮೂರನೆಯ ಒಂದು ಪಾಲಿಗಿಂತ ಕೊಂಚ ಹೆಚ್ಚು ಕಾಳು ಬಂದರೆ ಸಮಾಧಾನ, ಅರ್ಧದ ಸಮೀಪ ಬಂದರೆ ಅದೃಷ್ಟ. ಹತ್ತು ಕಾಯಿಗೊಂದರಲ್ಲಿ ಹುಳುವಿರುವುದು ಅವರೆಯ ಮಟ್ಟಿಗೆ ಅಸಹಜವೇನಲ್ಲ. ತೂತುಬಿದ್ದ ಕಾಯಿಯನ್ನು ಬದಿಗಿಟ್ಟರಾಯಿತು. ಒಂದು ಹುಳುವನ್ನು ಕಂಡು ಇಡೀ ಚೀಲವನ್ನು ಶಂಕಿಸುವ ಪಟ್ಟಣದ ಅಭ್ಯಾಸ ನನಗೆ ಅರ್ಥವಾಗುವುದಿಲ್ಲ. ಹುಳುವೇ ಇಲ್ಲದ ರಾಶಿಗೆ ಎಷ್ಟು ಸಲ ಔಷಧಿ ಹೊಡೆದಿದ್ದಾರೆಂದು ಯಾರೂ ಕೇಳುವುದಿಲ್ಲ.

ಸಾರಿನ ಹದ

ನಾಲ್ಕು ಜನರ ಸಾರಿಗೆ ಒಂದು ಕಿಲೋ ಕಾಯಿಯ ಕಾಳು ಸಾಕು. ಹಸಿಕಾಳಾದ್ದರಿಂದ ನೆನೆಸುವ ಅಗತ್ಯವಿಲ್ಲ. ಕಾಳು ಮುಳುಗಿ ಮೇಲೆ ನಾಲ್ಕು ಬೆರಳು ನಿಲ್ಲುವಷ್ಟು ನೀರನ್ನು ಕುದಿಸಿ, ಕಾಳು ಹಾಕಿ, ಮುಚ್ಚಳವನ್ನು ಓರೆಯಾಗಿಟ್ಟು ಬೇಯಿಸಿದರೆ ಇಪ್ಪತ್ತು–ಇಪ್ಪತ್ತೈದು ನಿಮಿಷದಲ್ಲಿ ಹದವಾಗುತ್ತದೆ. ಕುಕ್ಕರಿನಲ್ಲಿ ಇಡುವವರು ಒಂದು ಕೂಗಿಗೆ ಇಳಿಸಬೇಕು. ಎರಡಾದರೆ ಕಾಳು ಒಡೆದು ಸಾರು ಗಂಜಿಯಾಗುತ್ತದೆ. ಬೆಂದಿತೇ ಎಂದು ನೋಡಲು ಒಂದು ಕಾಳನ್ನು ಎರಡು ಬೆರಳಿನ ನಡುವೆ ಒತ್ತಬೇಕು. ಸಿಪ್ಪೆ ಜಾರಿ ಒಳಗಿನದು ಬೆಣ್ಣೆಯಂತೆ ಮಣಿದರೆ ಆಯಿತು.

ಹುಣಸೆಹಣ್ಣನ್ನಾಗಲಿ ಟೊಮೆಟೊವನ್ನಾಗಲಿ ಈ ಹಂತಕ್ಕೆ ಮೊದಲು ಹಾಕಬಾರದು. ಕಾಳಿನ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ಪೆಕ್ಟಿನ್ ಎಂಬ ಪದಾರ್ಥ ಕುದಿಯುವ ನೀರಿನಲ್ಲಿ ಕರಗಿದಾಗ ಕಾಳು ಮೆತ್ತಗಾಗುತ್ತದೆ. ಹುಳಿಯ ನೀರಿನಲ್ಲಿ ಅದು ಸುಲಭವಾಗಿ ಕರಗುವುದಿಲ್ಲ. ಮೊದಲೇ ಹುಳಿ ಬಿದ್ದ ಕಾಳು ಗಂಟೆಗಟ್ಟಲೆ ಕುದಿಸಿದರೂ ನಡುವೆ ಗಟ್ಟಿಯಾಗಿಯೇ ಉಳಿಯುತ್ತದೆ. ಬದನೆಕಾಯಿ, ಆಲೂಗಡ್ಡೆ ಹಾಕುವವರು ಕಾಳು ಮುಕ್ಕಾಲು ಬೆಂದ ಮೇಲೆ ಹಾಕಬೇಕು.

ಮಸಾಲೆಯ ವಿಷಯದಲ್ಲಿ ಮನೆಗೊಂದು ಮತವುಂಟು. ಸಾಮಾನ್ಯವಾಗಿ ಒಂದು ಬಟ್ಟಲು ಕಾಯಿತುರಿ, ಆರೆಂಟು ಬ್ಯಾಡಗಿ ಮೆಣಸಿನಕಾಯಿ, ಎರಡು ಚಮಚ ಕೊತ್ತಂಬರಿ ಬೀಜ, ಹುರಿದ ಈರುಳ್ಳಿ ಒಂದು, ಬೆಳ್ಳುಳ್ಳಿ ಆರೇಳು ಎಸಳು, ಶುಂಠಿ ಒಂದು ಚೂರು, ಗಸಗಸೆ ಸ್ವಲ್ಪ. ಇದರ ಮೇಲೆ ಚಕ್ಕೆ–ಲವಂಗ. ನನ್ನ ಅಭಿಪ್ರಾಯವನ್ನು ಕೇಳುವುದಾದರೆ, ಜನವರಿಯ ಕಾಯಿಗೆ ಚಕ್ಕೆ–ಲವಂಗ ಬೇಡವೇ ಬೇಡ. ಸೊಗಡೇ ಮಸಾಲೆಯಾಗಿರುವಾಗ ಇನ್ನೊಂದು ಗಾಢವಾದ ವಾಸನೆಯನ್ನು ತಂದು ಅದರ ಮೇಲೆ ಹೊದಿಸುವುದು ಏಕೆ? ಕೊತ್ತಂಬರಿಯನ್ನೂ ಅರ್ಧಕ್ಕಿಳಿಸಬಹುದು. ಜೂನ್‌ನ ಕಾಯಿಗಾದರೆ ಮಾತು ಬೇರೆ, ಅಲ್ಲಿ ಮಸಾಲೆಯೇ ಸಾರನ್ನು ಹೊರಬೇಕು. ಅಂದರೆ ಅಳತೆ ವರ್ಷವಿಡೀ ಒಂದೇ ಆಗಿರಬಾರದು. ಪುಸ್ತಕದ ಅಡುಗೆ ಈ ಜಾಗದಲ್ಲಿ ಎಡವುತ್ತದೆ. ನಮ್ಮ ಸೊಸೆ ಜೂನ್‌ನ ಕಾಳಿಗೆ ಅತ್ತೆಯ ಜನವರಿಯ ಅಳತೆಯನ್ನು ಹಾಕಿದ್ದಳು.

ಸೊಪ್ಪಿನೊಡನೆ ಬೇಯಿಸಿ, ನೀರನ್ನು ಬಸಿದು, ಬಸಿದ ನೀರಿಗೆ ಖಾರ ಕೂಡಿಸಿದರೆ ಬಸ್ಸಾರು. ಉಳಿದ ಕಾಳು–ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಪಾತ್ರೆಯಿಂದ ಎರಡು ವ್ಯಂಜನ. ಅಕ್ಕಿಹಿಟ್ಟಿಗೆ ಸಬ್ಬಸಿಗೆ ಸೊಪ್ಪು ಮತ್ತು ಬೆಂದ ಕಾಳು ಸೇರಿಸಿ ತಟ್ಟಿದ ರೊಟ್ಟಿ, ಕಾಳು ಹಾಕಿದ ಉಪ್ಪಿಟ್ಟು, ಮಾಂಸದ ಸಾರಿಗೆ ಕಾಳು ಬೆರೆಸುವುದು, ಇವೆಲ್ಲ ಆಯಾ ಮನೆಯ ರೂಢಿ.

ಹಿತಕಿದ ಬೇಳೆಯನ್ನು ಮಾತ್ರ ಪ್ರತ್ಯೇಕವಾಗಿ ಹೇಳಬೇಕು. ಕೆಲವರು ಇದನ್ನು ಹಿಸುಕಿದ ಬೇಳೆ, ಇನ್ನು ಕೆಲವರು ಇದುಕಿದ ಬೇಳೆ ಎನ್ನುತ್ತಾರೆ. ಸುಲಿದ ಕಾಳನ್ನು ರಾತ್ರಿ ನೀರಿನಲ್ಲಿ ಹಾಕಿಟ್ಟರೆ ಬೆಳಿಗ್ಗೆಗೆ ಮೇಲಿನ ಸಿಪ್ಪೆ ನೀರು ಕುಡಿದು ಹಿಗ್ಗಿ, ಒಳಗಿನ ಬೇಳೆಯಿಂದ ಸಡಿಲವಾಗುತ್ತದೆ. ಆಗ ಹೆಬ್ಬೆರಳು–ತೋರುಬೆರಳುಗಳ ನಡುವೆ ಒತ್ತಿದರೆ ಬೇಳೆ ಪುಳಕ್ಕನೆ ಹಾರಿ ಬರುತ್ತದೆ. ತೀರ ಎಳೆಯ ಕಾಳು ಕೈಯಲ್ಲೇ ಜಜ್ಜಿಹೋಗುತ್ತದೆ. ಅತಿಯಾಗಿ ಬಲಿತದ್ದರ ಸಿಪ್ಪೆ ಬಿಡುವುದಿಲ್ಲ. ಆದ್ದರಿಂದ ಹಿತಕುವುದಕ್ಕೆ ಹದವಾಗಿ ಬಲಿತ ಕಾಳನ್ನೇ ಬೇರೆ ಮಾಡಿಟ್ಟುಕೊಳ್ಳಬೇಕು. ಒಗರಿನ ಸಿಪ್ಪೆ ಹೋಗಿರುವುದರಿಂದ ಈ ಬೇಳೆ ಹದಿನೈದು ನಿಮಿಷದೊಳಗೆ ಬೇಯುತ್ತದೆ, ಹೊಟ್ಟೆಗೂ ಹಗುರ. ಇದರ ಸಾರು ಮಾಡುವಾಗ ಸೌಟು ಆಡಿಸುವ ಕೈ ಮೃದುವಾಗಿರಬೇಕು. ಕರಿದು ಖಾರ ಬೆರೆಸಿ ಡಬ್ಬಿಯಲ್ಲಿಡುವವರು ಬೇಳೆಯನ್ನು ಬಟ್ಟೆಯ ಮೇಲೆ ಹರಡಿ ನೀರಿನ ಪಸೆ ಪೂರ್ತಿ ಆರಿದ ಮೇಲಷ್ಟೇ ಎಣ್ಣೆಗೆ ಬಿಡಬೇಕು. ಒದ್ದೆ ಬೇಳೆ ಕಾದೆಣ್ಣೆಯನ್ನು ಮುಖಕ್ಕೆ ಸಿಡಿಸುತ್ತದೆ. ಇದು ಕೈ ಸುಟ್ಟುಕೊಂಡವರ ಮಾತು.

ಒಂದು ಕಿಲೋ ಕಾಯಿ ಸುಲಿದು ಹಿತಕಲು ಇಬ್ಬರು ಕುಳಿತರೂ ಒಂದೂವರೆ ಗಂಟೆ ಬೇಕು. ಹಿಂದೆ ಇದು ಜಗುಲಿಯ ಕೆಲಸವಾಗಿತ್ತು. ಪಕ್ಕದ ಮನೆಯವರೂ ಬಂದು ಕೂರುತ್ತಿದ್ದರು, ಸಿಪ್ಪೆ ದನಕ್ಕೆ ಹೋಗುತ್ತಿತ್ತು. ಈಗ ಹಿತಕಿದ ಬೇಳೆ ತೂಕದ ಲೆಕ್ಕದಲ್ಲಿ ಮಾರಾಟಕ್ಕೆ ಬರುತ್ತದೆ. ಬೆಂಗಳೂರಿನ ವಿಶ್ವೇಶ್ವರಪುರದ ಸಜ್ಜನರಾವ್ ವೃತ್ತದ ಬಳಿಯ ತಿಂಡಿ ಬೀದಿಯಲ್ಲಿ ಹುಟ್ಟಿಕೊಂಡ ಅವರೆಬೇಳೆ ಮೇಳ ಪಟ್ಟಣಿಗರಿಗೆ ಇದರ ದೋಸೆಯನ್ನೂ ಜಿಲೇಬಿಯನ್ನೂ ತೋರಿಸಿತು. ಜಿಲೇಬಿಯ ಬಗ್ಗೆ ನಾನು ಏನೂ ಹೇಳದಿರುವುದೇ ಲೇಸು.

ಹಸಿಕಾಳಾಗಲಿ ಒಣಕಾಳಾಗಲಿ ಬೇಯಿಸದೆ ತಿನ್ನುವಂಥದ್ದಲ್ಲ. ಹಸಿ ಅವರೆಯಲ್ಲಿ ಪ್ರೋಟೀನು ಜೀರ್ಣವಾಗದಂತೆ ತಡೆಯುವ ಅಂಶಗಳಿವೆ. ಒಣಗಿದ ಕಾಳಿನಲ್ಲಿ, ಮುಖ್ಯವಾಗಿ ಬಣ್ಣದ ಕಾಳಿನಲ್ಲಿ, ಸಯನೈಡನ್ನು ಬಿಡುಗಡೆ ಮಾಡಬಲ್ಲ ಪದಾರ್ಥವೂ ಅಲ್ಪ ಪ್ರಮಾಣದಲ್ಲಿರುತ್ತದೆ. ಚೆನ್ನಾಗಿ ನೆನೆಸಿ, ನೆನೆಸಿದ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಪೂರ್ತಿ ಬೇಯಿಸಿದರೆ ತೊಂದರೆಯಿಲ್ಲ. ಹೊಟ್ಟೆಯುಬ್ಬರಕ್ಕೆ ಕಾರಣ ಬೇರೆಯೇ: ಕಾಳಿನಲ್ಲಿರುವ ಕೆಲವು ಸಕ್ಕರೆಗಳನ್ನು ನಮ್ಮ ಜಠರ ಅರಗಿಸಲಾರದು. ಅವು ದೊಡ್ಡ ಕರುಳಿಗೆ ಇಳಿದು ಅಲ್ಲಿನ ಸೂಕ್ಷ್ಮಜೀವಿಗಳ ಪಾಲಾದಾಗ ವಾಯು ಹುಟ್ಟುತ್ತದೆ. ಶುಂಠಿ, ಬೆಳ್ಳುಳ್ಳಿ, ಇಂಗುಗಳನ್ನು ಹಿರಿಯರು ಬಿಡದೆ ಹಾಕುತ್ತಿದ್ದುದು ಇದಕ್ಕೇ.

ಒಂದೇ ಹೊಲ, ಒಂದೇ ತಟ್ಟೆ

ಅವರೆಯ ಸಾರಿಗೆ ರಾಗಿಮುದ್ದೆಯೇ ಜೋಡಿ ಎಂಬುದು ನಾಲಗೆಯ ತೀರ್ಮಾನವಷ್ಟೇ ಅಲ್ಲ. ಮಾಗಡಿ, ತುಮಕೂರು, ಕೋಲಾರ, ಚಿಂತಾಮಣಿ, ಹುಣಸೂರುಗಳ ಕಡೆಯ ಮಳೆಯಾಶ್ರಯದ ಹೊಲಗಳಲ್ಲಿ ಅವರೆಯನ್ನು ಪ್ರತ್ಯೇಕವಾಗಿ ಬೆಳೆಯುತ್ತಿದ್ದುದು ಕಡಿಮೆ. ರಾಗಿಯ ನಡುವೆ ಅಕ್ಕಡಿ ಸಾಲಾಗಿ ಬಿತ್ತುತ್ತಿದ್ದರು. ಎಂಟು ಸಾಲು ರಾಗಿಗೆ ಒಂದು ಸಾಲು ಅವರೆ ಎಂಬುದು ಕೃಷಿ ತಜ್ಞರ ಶಿಫಾರಸೂ ಹೌದು. ಅವರೆಯ ಬೇರಿನ ಗಂಟುಗಳಲ್ಲಿ ನೆಲೆಸುವ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತವೆ, ಉದುರಿದ ಎಲೆ ಗೊಬ್ಬರವಾಗುತ್ತದೆ. ನವೆಂಬರ್–ಡಿಸೆಂಬರ್‌ನಲ್ಲಿ ರಾಗಿ ಕೊಯ್ದು ತೆಗೆದ ಮೇಲೆ ಅವರೆಗೆ ಜಾಗವೂ ಬಿಸಿಲೂ ಸಿಕ್ಕಿ, ನೆಲದಲ್ಲಿ ಉಳಿದ ತೇವ ಮತ್ತು ಇಬ್ಬನಿಯಲ್ಲಿಯೇ ಹೂವು ಕಾಯಾಗುತ್ತದೆ. ಮಳೆ ಕೈಕೊಟ್ಟು ರಾಗಿ ಹೋದರೂ ಅವರೆ ನಾಲ್ಕು ಕಾಸು ತರುತ್ತಿತ್ತು.

ತಟ್ಟೆಯಲ್ಲಿಯೂ ಇದೇ ಹೊಂದಾಣಿಕೆ. ರಾಗಿಯ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ, ಮೆಥಿಯೊನಿನ್ ಸಾಕಷ್ಟು. ಅವರೆಯಲ್ಲಿ ಲೈಸಿನ್ ಹೇರಳ, ಮೆಥಿಯೊನಿನ್ ಕೊರತೆ. ಎರಡನ್ನೂ ಕೂಡಿಸಿ ಉಂಡಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಮಾಂಸ, ಹಾಲು ಅಪರೂಪವಾಗಿದ್ದ ಮನೆಗಳ ದುಡಿಯುವ ಮೈಗೆ ಈ ಜೋಡಿ ಆಧಾರವಾಗಿತ್ತು.

ಈಗ ಆ ಸಾಲು ಹೊಲದಿಂದ ಕಾಣೆಯಾಗುತ್ತಿದೆ. ಆಳು ಸಿಗದ ಕಾರಣ ರೈತರು ರಾಗಿಯನ್ನು ಯಂತ್ರದಿಂದ ಕೊಯ್ಲು ಮಾಡಿಸುತ್ತಾರೆ. ನಡುವೆ ಹಬ್ಬಿ ನಿಂತ ಅವರೆಯ ಹಂಬು ಯಂತ್ರಕ್ಕೆ ತೊಡಕು. ಹೀಗಾಗಿ ಬಿತ್ತನೆಯಲ್ಲಿಯೇ ಅಕ್ಕಡಿ ಬಿಟ್ಟುಹೋಗುತ್ತದೆ. ನಗರದ ಸುತ್ತ ಹೊಲಗಳೇ ನಿವೇಶನಗಳಾದವು. ಹೂವಿನ ಸಮಯದ ಅಕಾಲ ಮಳೆಯೂ ಸೇರಿಕೊಂಡಿದೆ: 2021ರ ನವೆಂಬರ್‌ನಲ್ಲಿ ಸುರಿದ ಮಳೆಗೆ ಹಳೇ ಮೈಸೂರು ಭಾಗದಲ್ಲಿ ಕಟಾವಿಗೆ ನಿಂತ ರಾಗಿ ತೆನೆಯಲ್ಲೇ ಮೊಳೆತದ್ದನ್ನು ರೈತರು ಮರೆತಿಲ್ಲ. ಅಂಥ ಮಳೆಗೆ ಅವರೆಯ ಹೂವೂ ನಿಲ್ಲುವುದಿಲ್ಲ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿದಾಗ ರಾಗಿಗೆ ಎಲ್ಲೆಡೆ ಮೆರವಣಿಗೆಯಾಯಿತು. ಅದರ ಪಕ್ಕದ ಸಾಲಿನಲ್ಲಿ ಶತಮಾನಗಳ ಕಾಲ ಬೆಳೆದ ಅವರೆಯನ್ನು ಕೇಳಿದವರು ವಿರಳ. ಜನವರಿಯಲ್ಲಿ ಮೂಸಿ ನೋಡಿ, ಸೊಗಡಿನ ಕಾಯಿಗೆ ಎರಡು ರೂಪಾಯಿ ಹೆಚ್ಚು ಕೊಡುವ ಗಿರಾಕಿ ಇರುವವರೆಗೆ ಯಾರಾದರೊಬ್ಬ ರೈತ ಆ ಒಂದು ಸಾಲನ್ನು ಬಿತ್ತುತ್ತಾನೆ. ಎಲ್ಲ ತಿಂಗಳ ಕಾಯಿಗೂ ಒಂದೇ ಬೆಲೆ, ಒಂದೇ ರುಚಿ ಎಂದಾದರೆ ಅವನಿಗೆ ಬಿತ್ತುವ ಕಾರಣವೇ ಇರುವುದಿಲ್ಲ.

ಇನ್ನು ಜೂನ್‌ನಲ್ಲಿ ನೆಂಟರು ಬಂದರೆ ಏನು ಮಾಡುವುದು? ಅದಕ್ಕೂ ಹಿಂದಿನವರಲ್ಲಿ ಉಪಾಯವಿತ್ತು. ಶಿವರಾತ್ರಿಯ ಹೊತ್ತಿಗೆ ಗಿಡದಲ್ಲೇ ಒಣಗಿದ ಕಾಯಿಯನ್ನು ಬಡಿದು ಕಾಳು ಮಾಡಿ, ಕೆಮ್ಮಣ್ಣಿನ ನೀರು ಸವರಿ, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ ತುಂಬಿಡುತ್ತಿದ್ದರು. ಮಣ್ಣಿನ ಲೇಪವಿದ್ದರೆ ಹುಳು ಬೇಗ ತಗಲುವುದಿಲ್ಲ. ಮಳೆಗಾಲದ ಸಾರು ಆ ಒಣಕಾಳಿನದು: ಮಣ್ಣು ಹೋಗುವಂತೆ ತೊಳೆದು, ರಾತ್ರಿ ನೆನೆಸಿ, ನೀರು ಚೆಲ್ಲಿ, ಬಟ್ಟೆಯಲ್ಲಿ ಕಟ್ಟಿ ಒಂದು ದಿನ ಮೊಳಕೆ ಬರಿಸಿ ಬೇಯಿಸುವುದು. ಅದಕ್ಕೆ ಚಕ್ಕೆ, ಲವಂಗ, ಹುರಿದ ಕೊತ್ತಂಬರಿ ಎಲ್ಲವೂ ಧಾರಾಳವಾಗಿ ಒಪ್ಪುತ್ತವೆ. ಅದರಲ್ಲಿ ಸೊಗಡನ್ನು ಯಾರೂ ಹುಡುಕುವುದಿಲ್ಲ. ಈ ವರ್ಷ ನಮ್ಮ ಸೊಸೆ ಎರಡು ಸೇರು ಒಣ ಅವರೆಯನ್ನು ತೆಗೆದಿಟ್ಟಿದ್ದಾಳೆ.